ಮೂಸಿ ಏರಿದ ದಿನ ಮುರಿದ ಮೌನ

ನನ್ನ ತಂಗಿ ನೀಲವ್ವ ಹೈದರಾಬಾದಿನ ಮೂಸಿ ನದಿ ದಂಡೆಯ ಗಲ್ಲಿಯಲ್ಲಿ ಅತ್ತೆಯ ಜೊತೆ ಇರುತ್ತಾಳೆ. ಕಳೆದ ವರ್ಷ ಯುಗಾದಿ ಮುಗಿದ ವಾರ, ಕಾಲವಲ್ಲದ ಕಾಲದಲ್ಲಿ ಮಳೆ ಹಿಡಿಯಿತು. ಮೇಲಿನ ಜಲಾಶಯಗಳ ಗೇಟು ತೆಗೆದರು. ಸೋಮವಾರ ಬೆಳಿಗ್ಗೆ ನೀರು ಅವಳ ಗಲ್ಲಿಗೆ ನುಗ್ಗಿದಾಗ ನಾನು ಅದೇ ಊರಿನ ಬಾಲಾನಗರದ ನನ್ನ ಮನೆಯಲ್ಲಿ ಪೂಜೆಗೆ ಕೂತಿದ್ದೆ.

ಮಲ್ಲಯ್ಯನ ಭಕ್ತ ಬಂಧುಗಳೇ, ಪ್ರತಿ ಸೋಮವಾರ ಪೂಜೆ ಮುಗಿಯುವ ತನಕ ಮಾತಾಡುವುದಿಲ್ಲ ಎಂದು ನಾನು ಎಷ್ಟೋ ವರ್ಷಗಳ ಹಿಂದೆ ಹರಕೆ ಹೊತ್ತಿದ್ದೆ. ಫೋನ್ ಬಡಿದುಕೊಂಡಿತು. ತಂಗಿಯ ಹೆಸರು ಕಂಡಿತು. ಮತ್ತೆ ಬಡಿದುಕೊಂಡಾಗ ಅದನ್ನು ಬೋರಲು ಹಾಕಿದೆ. ನಿಜ ಹೇಳಬೇಕು, ವ್ರತವೊಂದೇ ಕಾರಣವಲ್ಲ. ಯುಗಾದಿ ಹಬ್ಬಕ್ಕೆ ಕರೆದರೂ ಅವಳು ಬರಲಿಲ್ಲವೆಂದು ಸಿಟ್ಟಿತ್ತು. ಅಂದು ಬೇಕೆಂದೇ ಪೂಜೆಯನ್ನು ಎಳೆದೆ.

ಮುಗಿಸಿ ಫೋನ್ ಮಾಡಿದರೆ ಸ್ವಿಚ್ ಆಫ್. ಪಕ್ಕದ ಮನೆಯ ಟಿವಿಯಲ್ಲಿ ಉಕ್ಕಿದ ನದಿ ಕಂಡು ಬಸ್ ನಿಲ್ದಾಣಕ್ಕೆ ಓಡಿದೆ. ಬಸ್ಸು ಕೋಠಿಯವರೆಗೆ ಮಾತ್ರ ಹೋಯಿತು; ಅಲ್ಲಿಂದ ನಡೆದೆ. ಗಲ್ಲಿಯ ಬಾಯಿಗೆ ಹಗ್ಗ ಕಟ್ಟಿದ್ದರು, ಒಳಗೆ ಎದೆಮಟ್ಟ ಕೆಸರು ನೀರು. ಜನರನ್ನು ಇರಿಸಿದ್ದ ಶಾದಿಖಾನೆಯಲ್ಲಿ, ಅದೇ ಮದುವೆ ಛತ್ರದಲ್ಲಿ, ಒಂದೊಂದೇ ಮುಖ ನೋಡಿದೆ. ತಂಗಿ ಇರಲಿಲ್ಲ. ತಿರುಗಿ ಗಲ್ಲಿಯ ಬಾಯಿಗೆ ಬಂದಾಗ, ಜನರನ್ನು ಹೊರಗೆ ತರುತ್ತಿದ್ದ ದೋಣಿಯವನು ದೋಣಿ ಕಟ್ಟುತ್ತಿದ್ದ.

"ಸಬ್ ಖಾಲಿ ಚಾಚಾ, ಅಂದರ್ ಕೋಯಿ ನೈ" ಎಂದ. ಒಳಗೆ ಯಾರೂ ಉಳಿದಿಲ್ಲವಂತೆ.

ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟೆ. "ಮಲ್ಲಯ್ಯಾ, ನಿನ್ನ ಹೆಸರ ಹೇಳಿ ಸುಮ್ಮ ಕುಂತೆ, ತಪ್ಪಾತು. ನನಗ ಏನ್ ಮಾಡ್ತಿ ಮಾಡು, ಆಕಿನ್ನ ಉಳಸು" ಎಂದು ಬೇಡಿದೆ. ಆಮೇಲೆ ಯಾರೋ ಎಬ್ಬಿಸಿದಂತೆ ಎದ್ದೆ. ಹಗ್ಗ ಹಿಡಿದು ಇದ್ದಷ್ಟು ಗಂಟಲಿನಿಂದ ಕೂಗಿದೆ: "ನೀಲವ್ವಾ! ಏ ನೀಲೀ!"

ಕೂಗುತ್ತಲೇ ಇದ್ದೆ. ಗಲ್ಲಿಯ ತಿರುವಿನ ಆಚೆಯಿಂದ ದನಿ ಬಂತು.

"ಅಣ್ಣಾ! ಈಗ ಬಾಯಿ ಬಂತೇನ ನಿನಗ? ಮುದುಕಿ ಗಡಗಡ ನಡಗಾಕತ್ತಾಳ, ಲಗೂನ ಯಾರನ್ನರ ಕಳಸು!"

ನೆರೆಮನೆಯ ಮಾಳಿಗೆಯ ಮೇಲೆ, ತಗಡಿನ ಕೆಳಗೆ ಅತ್ತೆ ಸೊಸೆ ಕೂತಿದ್ದರು. ದೋಣಿ ಆ ತಿರುವು ದಾಟಿ ಹೋಗಿರಲೇ ಇಲ್ಲ. ದೋಣಿಯವನು ದೋಣಿಯ ಹಗ್ಗ ಬಿಚ್ಚಿ ಹೋಗಿ ಇಬ್ಬರನ್ನೂ ಕರೆತಂದ. ಅವನ ಮಕ್ಕಳು ಮರಿ ತಣ್ಣಗಿರಲಿ.

ತಂಗಿ ಇಳಿದ ಕೂಡಲೇ ಹೇಳಿಬಿಟ್ಟೆ: "ನಿನ್ನ ಹೆಸರು ನೋಡೇ ಫೋನ್ ಎತ್ತಲಿಲ್ಲವ್ವಾ."

"ಗೊತ್ತೈತಿ ಬಿಡು. ನೀ ಸಿಟ್ಟಾದಾಗೆಲ್ಲಾ ನಿನ್ನ ಪೂಜಿ ಉದ್ದ ಆಕ್ಕೈತಿ."

"ಮದ್ಲ ಚಾ ಕುಡಸ್ರಿ, ಜಗಳ ಆಮ್ಯಾಲ" ಎಂದಳು ಮುದುಕಿ.

ನಾನು ಹೆಚ್ಚು ಓದಿದವನಲ್ಲ. ಅಷ್ಟು ವರ್ಷದ ನನ್ನ ಮೌನ ಮಲ್ಲಯ್ಯನಿಗೆ ಮುಟ್ಟಿತ್ತೋ ಇಲ್ಲವೋ ತಿಳಿಯದು, ಅಂದಿನ ಕೂಗು ಮುಟ್ಟಿತು. ಆ ಮೌನದ ಹರಕೆ ಬಿಟ್ಟು, ಅದನ್ನು ಅವನ ಪಾದಕ್ಕೇ ಒಪ್ಪಿಸಿದ್ದೇನೆ. ಈಗ ಸೋಮವಾರ ಮೊದಲು ತಂಗಿಗೆ ಫೋನ್ ಮಾಡುತ್ತೇನೆ. ಒಮ್ಮೊಮ್ಮೆ ಅವಳು ಎತ್ತುವುದಿಲ್ಲ. ಎತ್ತುವವರೆಗೆ ಕಾದು, ಆಮೇಲೆ ದೀಪ ಹಚ್ಚುತ್ತೇನೆ.