ಮಿರಜದಲ್ಲಿ ಒಂದು ದಿನದ ವಸತಿ

ಆ ದಿನ ಮಧ್ಯಾಹ್ನ ಹನ್ನೆರಡಕ್ಕೆ ಮನೆ ಮುಟ್ಟಬೇಕೆಂದು ನಾನು ಬರೆದಿಟ್ಟಿದ್ದೆ. ಮುಟ್ಟಲಿಲ್ಲ.

ನಾನೂ ನಮ್ಮ ಮನೆಯವರೂ ಸೈಕಲ್ ಮೇಲೆ ಹೊರಟು ಇಪ್ಪತ್ತೆರಡು ದಿನಗಳಾಗಿದ್ದವು. ಬಾದಾಮಿ, ಕೂಡಲಸಂಗಮ, ವಿಜಯಪುರ ನೋಡಿಕೊಂಡು, ಅಥಣಿ ದಾಟಿ, ಕೊನೆಯ ವಸತಿಗೆ ಸಲಗರೆಯಲ್ಲಿ ಪರಿಚಯದವರ ಮನೆಯಲ್ಲಿ ತಂಗಿದ್ದೆವು. ನನಗೆ ಅರವತ್ತಾರು, ಅವರಿಗೆ ಎಪ್ಪತ್ತು. ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದವರಿಗೆಲ್ಲ ವೇಳಾಪಟ್ಟಿ ತೋರಿಸುತ್ತಿದ್ದೆ. ಮೂವತ್ತೈದು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು ನಾನು. ಐದಕ್ಕೆ ಏಳುವುದು, ಐದೂವರೆಗೆ ಹೊರಡುವುದು, ಹತ್ತು ಕಿಲೋಮೀಟರಿಗೊಮ್ಮೆ ನೀರು, ಬಿಸಿಲೇರುವ ಮೊದಲು ನೆರಳು. ಅವರ ಮಾತ್ರೆ, ಸಾಕ್ಸು, ಟವೆಲ್ಲು ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಎತ್ತಿ ಕೊಡುತ್ತಿದ್ದೆ.

"ಆತೇನ್ರಿ?" ಎಂದರೆ, "ಡ್ಯೂಟಿಗೆ ಹಾಜರ ಅದೇನಿ, ಮೇಟ್ರನ್ ಬಾಯಿ" ಎಂದು ಸೆಲ್ಯೂಟ್ ಹೊಡೆಯುತ್ತಿದ್ದರು.

ದಾರಿ ಕೇಳುವುದು ಅವರ ಕೆಲಸ. ಮೊಬೈಲಿನಲ್ಲಿ ನಕ್ಷೆ ಇದ್ದರೂ, ಕವಲೇ ಇಲ್ಲದ ನೇರ ರಸ್ತೆಯಲ್ಲೂ, ಎಮ್ಮೆ ಹೊಡೆದುಕೊಂಡು ಹೋಗುವವರನ್ನು ನಿಲ್ಲಿಸಿ ಕೇಳುತ್ತಿದ್ದರು. ಮಾತಿನ ಚಪಲ ಎಂದುಕೊಂಡಿದ್ದೆ. ವಿಜಯಪುರದಲ್ಲಿ ಬೆಳಿಗ್ಗೆ ಗೋಳಗುಮ್ಮಟ ಹತ್ತಿ ಇಳಿದು, ಊಟವಾದ ಮೇಲೆ, "ಗುಮ್ಮಟಾ ನೋಡಾಕ ಯಾವಾಗ ಹೋಗೂದು?" ಎಂದಿದ್ದರು. ಬಿಸಿಲು ತಲೆಗೇರಿದೆ ಎಂದು ಮಜ್ಜಿಗೆ ಕುಡಿಸಿ ಮಲಗಿಸಿದೆ.

ಮಿರಜ ಹತ್ತಿರವಾದಂತೆ ನನಗೆ ಹುರುಪು ಬಂತು. ಗುರುತಿನವರು ನೋಡಲಿ ಎಂದು ಅವರನ್ನೇ ಮುಂದೆ ಬಿಟ್ಟು ಬೇಕೆಂದೇ ಹಿಂದೆ ಉಳಿದೆ. ಅವರು ಸಾಂಗ್ಲಿಯ ಪಕ್ಕದ ಕುಪವಾಡದ ಕೈಗಾರಿಕಾ ಪ್ರದೇಶದಲ್ಲಿ ಒಂದು ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಲೇತ್ ನಡೆಸಿದವರು. ಆಗ ನಾವು ಮಿರಜದಲ್ಲೇ ಇದ್ದೆವು. ದಿನಾ ಸೈಕಲ್ ಮೇಲೆ ಹೋಗಿ ಬರುತ್ತಿದ್ದರು. ಸಾಂಗ್ಲಿವಾಡಿಯಲ್ಲಿ ಮನೆ ಕಟ್ಟಿದ್ದು ನಿವೃತ್ತಿಯ ನಂತರ.

ಮಿರಜದ ಚೌಕದಲ್ಲಿ ಅವರು ಸೈಕಲ್ ಇಳಿದರು. ಕಬ್ಬಿನಹಾಲಿನ ಗಾಡಿಯವನ ಹತ್ತಿರ ಹೋಗಿ, "ಸಾಂಗ್ಲಿಗೆ ಹೆಂಗ ಹೋಗಬೇಕ್ರಿ?" ಎಂದು ಕೇಳಿದರು.

ಗಾಡಿಯವನು ಗಹಗಹಿಸಿ ನಕ್ಕ. "ಏ ಕಾಕಾ, ಚೇಷ್ಟಾ ಮಾಡಾಕ ನಾನ ಸಿಕ್ಕೆನೇನು? ದಿನಾ ನನ್ನ ಗಾಡಿ ಮುಂದಿಂದನ ಕುಪವಾಡಕ್ಕ ಹೋಗ್ತಿದ್ದವ್ರು, ಈಗ ನನಗ ದಾರಿ ಕೇಳ್ತೀರಿ! ಕಾಕೂ, ನೋಡ್ರಿ ಇವರನ್ನ!"

ನಾನೂ ನಕ್ಕೆ. ಅವರೂ ನಕ್ಕರು. ಆದರೆ ನಗುವ ಮೊದಲು ಅವರು ಗಾಡಿಯವನ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು, ಆಮೇಲೆ ನಕ್ಕರು. ಈ ನಗು ನನಗೆ ಗೊತ್ತು. ವಾರ್ಡಿನಲ್ಲಿ ಮರೆವು ಹತ್ತಿದ ಮುದುಕರು ಹೀಗೇ, ಎದುರಿನವರು ನಕ್ಕರೆಂದು ನಗುತ್ತಿದ್ದರು.

ಅವರನ್ನು ಬೆಂಚಿನ ಮೇಲೆ ಕೂಡಿಸಿ, ಗ್ಲಾಸು ಕೈಗೆ ಕೊಟ್ಟು, ಹೊಸ ರೋಗಿಯನ್ನು ಕೇಳುವ ಪ್ರಶ್ನೆಯನ್ನು ದನಿ ಹಗುರ ಮಾಡಿ ಕೇಳಿದೆ.

"ಏನ್ರಿ, ಇದು ಯಾವ ಊರು ಹೇಳ್ರಿ ನೋಡೂಣು."

"ಹೆಸರ ನೀನ ಹೇಳಬೇಕು. ಕಾಗದಾ ನಿನ್ನ ಕಡೆ ಐತಿ." ಕಬ್ಬಿನಹಾಲು ಒಂದು ಗುಟುಕು ಕುಡಿದು ರಸ್ತೆ ನೋಡಿದರು. "ಆದರ ಊರು ಚಲೋ ಐತಿ. ಇವತ್ತ ಇಲ್ಲೇ ವಸತಿ ಮಾಡೂಣೇನು?"

ಗಾಡಿಯವನ ಕಡೆ ಬೆನ್ನು ಮಾಡಿ ನಿಂತೆ. ಇಪ್ಪತ್ತೆರಡು ದಿನ ಎಲ್ಲ ಊರುಗಳೂ ಹೊಸವು. ಅವರು ದಾರಿ ಕೇಳಿದರೆ ಯಾರಿಗೂ ಸೋಜಿಗವೆನಿಸಲಿಲ್ಲ. ಅದಕ್ಕೂ ಮೊದಲು ಮನೆಯಲ್ಲಿ ಎಷ್ಟು ದಿನದಿಂದ ಹೀಗಿತ್ತೋ? ವಾರ, ತಾರೀಖು, ಚಾವಿ ಇಟ್ಟ ಜಾಗ ಎಲ್ಲವನ್ನೂ ಅವರು ಕೇಳುವ ಮೊದಲೇ ನಾನು ಹೇಳಿಬಿಡುತ್ತಿದ್ದೆ. ನೆನಪಿಡುವ ಒಂದು ಕೆಲಸವನ್ನೂ ಅವರಿಗೆ ಬಿಟ್ಟಿರಲಿಲ್ಲ. ಬೇರೆಯವರ ಮನೆಯ ಮುದುಕರಲ್ಲಿ ಈ ಮರೆವನ್ನು ಒಂದೇ ನೋಟಕ್ಕೆ ಹಿಡಿಯುತ್ತಿದ್ದವಳಿಗೆ ತನ್ನ ಗಂಡನಲ್ಲಿ ಕಾಣಲಿಲ್ಲ.

ಹೊರಟರೆ ಮುಕ್ಕಾಲು ತಾಸಿನ ದಾರಿ. ಸಾಂಗ್ಲಿ ದಾಟಿ, ಕೃಷ್ಣೆಯ ಸೇತುವೆ ದಾಟಿ, ನಮ್ಮ ಬಾಗಿಲ ಮುಂದೆ ನಿಲ್ಲುತ್ತೇವೆ. ಆ ಬಾಗಿಲನ್ನೂ ಅವರು ಹೊಸ ಊರಿನ ಬಾಗಿಲಿನಂತೆ ನೋಡಿದರೆ? ನಾನು ಕೀಲಿ ತೆಗೆಯುವಾಗ, ಇದು ಯಾರ ಮನೆ ಎಂದು ಕೇಳಿದರೆ? ತಡ ಮಾಡಿ ಆಸ್ಪತ್ರೆಗೆ ಬಂದವರನ್ನು ನಾನು ಸರ್ವಿಸ್ ಪೂರ್ತಿ ಬೈದವಳು. ನೆರೆಹೊರೆಯವರ ಮುಂದೆಯೂ ಬೈದಿದ್ದೇನೆ. ಈಗ ನನ್ನ ಕಾಲು ಸೈಕಲ್ಲಿನ ಪೆಡಲಿನ ಮೇಲೆ ಏಳಲಿಲ್ಲ.

"ಮಾಡೂಣು ತಗೋರಿ," ಎಂದೆ.

ಆಸ್ಪತ್ರೆಗಳ ಹಿಂದಿನ ಓಣಿಯ ಒಂದು ಲಾಡ್ಜಿಗೆ ಕರೆದುಕೊಂಡು ಹೋದೆ. ಮಿರಜದ ಲಾಡ್ಜುಗಳಲ್ಲಿ ರೋಗಿಗಳ ಕಡೆಯವರೇ ಹೆಚ್ಚು. ಮೆಟ್ಟಿಲ ಮೇಲೆ ಥರ್ಮಾಸು, ಎಕ್ಸ್‌ರೇ ಲಕೋಟೆ ಹಿಡಿದವರು ಕೂತಿದ್ದರು. ಕೌಂಟರಿನಲ್ಲಿದ್ದವನು ನಮ್ಮ ಮಾತು ಕೇಳಿ, ತಲೆ ಎತ್ತದೆ, ಕನ್ನಡದಲ್ಲೇ ವಿಚಾರಿಸಿದ.

"ಪೇಶಂಟ್ ಯಾರ್ರಿ?"

ದಿನಕ್ಕೆ ಹತ್ತು ಸಲ ಕೇಳುವ ಪ್ರಶ್ನೆ ಅದು. ನಾನು ಚೀಲದಲ್ಲಿ ಆಧಾರ್ ಕಾರ್ಡು ಹುಡುಕತೊಡಗಿದೆ.

"ಪೇಶಂಟ್ ಯಾರೂ ಇಲ್ರಿ," ಎಂದರು ನಮ್ಮವರು, ಹೆಲ್ಮೆಟನ್ನು ಕಂಕುಳಲ್ಲಿ ಹಿಡಿದು. "ನಾನೂ ನನ್ನ ಹೇಣ್ತಿ ಸೈಕಲ್ ಮ್ಯಾಲೆ ಊರ ನೋಡಾಕ ಬಂದೇವಿ. ಏನೈತಿ ನಿಮ್ಮೂರಾಗ ನೋಡುವಂಥಾದ್ದು?"

"ಈ ವಯಸ್ಸಿನಾಗ ಸೈಕಲ್ಲಾ?" ಅವನು ಈಗ ತಲೆ ಎತ್ತಿದ. "ಶಾಬ್ಬಾಸ ಕಾಕಾ! ಸಿತಾರ ಮಾಡೂ ಓಣಿ ನೋಡ್ರಿ. ಭಾಳ ದೂರಿಂದ ಜನಾ ಬರ್ತಾರ."

"ನೋಡೂಣು, ನೋಡೂಣು," ಎಂದು ಅವರು ನನ್ನ ಕಡೆ ತಿರುಗಿದರು. ಅಷ್ಟು ಸಂತೋಷದ ಮುಖವನ್ನು ಅವರ ನಿವೃತ್ತಿಯ ನಂತರ ನಾನು ನೋಡಿರಲಿಲ್ಲ.

ರಜಿಸ್ಟರಿನಲ್ಲಿ ಹೆಸರು ಬರೆದೆ. ವಿಳಾಸದ ಕಡೆ ಪೆನ್ನು ನಿಂತಿತು. ಸುಳ್ಳು ಬರೆದು ರೂಢಿಯಿಲ್ಲ. ಸಾಂಗ್ಲಿವಾಡಿ ಎಂದು ಬರೆದೆ. ಅವನು ಪುಸ್ತಕ ತನ್ನ ಕಡೆ ತಿರುಗಿಸಿಕೊಂಡು ಓದಿದ. ದನಿ ತಗ್ಗಿಸಿದ.

"ಬಾಯಿ, ಸಾಂಗ್ಲಿವಾಡಿ ಇಲ್ಲೇ ಐತಲ್ರಿ. ಊಟದ ಹೊತ್ತಿಗೆ ಮನ್ಯಾಗ ಇರ್ತೀರಿ."

"ಗೊತ್ತೈತ್ರಿ," ಎಂದೆ. "ಒಂದ ರೂಮ್ ಕೊಡ್ರಿ. ಇವತ್ತಿನ ಮಟ್ಟಿಗೆ."