ಎಣ್ಣೆ ಕುಡಿದ ಕಲ್ಲು

ಜಗಳೂರಿನ ಕೇರಿಯ ಚಿಕ್ಕಹನುಮಂತಪ್ಪ ಬಾವಿ ತೋಡುವವನು. ಊರಿನ ಬಾವಿಗಳ ಹತ್ತಿರ ಕೇರಿಯವರು ಸುಳಿಯುವಂತಿರಲಿಲ್ಲ. ಅವರಿಗಿದ್ದದ್ದು ಅವನೇ ತೋಡಿದ ಒಂದು ಬಾವಿ. ಅಲ್ಲಿ ಎರಡು ಗಟ್ಟಿ ಬಂಡೆಗಳ ನಡುವೆ ಕೊಳೆತ ಕಲ್ಲಿನ ಪದರವಿತ್ತು. ಅದರ ಚೂರಿನ ಮೇಲೆ ನೀರು ಹನಿಸಿದರೆ ಕಣ್ಣೆದುರೇ ಹೀರಿಕೊಳ್ಳುತ್ತಿತ್ತು. ನೀರು ಹರಿಯುವುದು ಇಂಥ ಕಲ್ಲಿನಲ್ಲೇ ಎಂದು ಅದರ ಜಾಡು ಹಿಡಿದು ತೋಡಿ, ಕೇರಿಯ ಬಾಯಾರಿಕೆ ಕಳೆದಿದ್ದ.

ಯುದ್ಧದ ಕಾಲ. ದೀಪಕ್ಕೆ ಸೀಮೆಎಣ್ಣೆ ಸಿಗುವುದೇ ಪುಣ್ಯ. ಅಂಥದ್ದರಲ್ಲಿ ಒಂದು ಬೆಳಿಗ್ಗೆ ಅವನ ಹೆಂಡತಿ ಭೀಮಕ್ಕ ಸೇದಿದ ಕೊಡದ ಮೇಲೆ ಬಣ್ಣಬಣ್ಣದ ಜಿಡ್ಡು ತೇಲಿತು. ಮೂಸಿದರೆ ಸೀಮೆಎಣ್ಣೆ!

"ನೆಲದಾಗೆ ಎಣ್ಣೆ ಹುಟ್ಟೈತೆ, ಇನ್ನು ನಾವೇ ಸಾವ್ಕಾರ್ರು!" ಎಂದು ಕೇರಿ ಕುಣಿಯಿತು.

"ಸಾವ್ಕಾರ್ರು ಕುಡಿಯಾಕೆ ಏನು ಮಾಡ್ತೀರಿ?" ಎಂದಳು ಭೀಮಕ್ಕ. ಕುಣಿತ ನಿಂತಿತು.

ಚಿಕ್ಕಹನುಮಂತಪ್ಪ ಬಾವಿಗಿಳಿದ. ಗಟ್ಟಿ ಬಂಡೆ ಒಡೆದರೆ ಒಳಗೆ ಏನೂ ಇಲ್ಲ. ಕೊಳೆತ ಕಲ್ಲು ಒಡೆದರೆ ಒಳಗೆಲ್ಲ ವಾಸನೆ. ಎಣ್ಣೆ ನೀರಿನ ದಾರಿಯಲ್ಲೇ ಬರುತ್ತಿತ್ತು. ಆ ಪದರ ಮೇಲುಗಡೆ ಎಲ್ಲೆಲ್ಲಿ ಹಾದಿದೆಯೆಂದು ಅಲ್ಲಲ್ಲಿ ಅಗೆದು ಮೂಸುತ್ತ ಹೋದ. ಜಾಡು ಸಾವುಕಾರ ಕೊಟ್ರಬಸಪ್ಪನ ಹಿತ್ತಿಲಲ್ಲಿ, ಜೋಳ ತುಂಬಿಡುವ ನೆಲದೊಳಗಿನ ಹಗೇವಿಗೆ ಬಂದು ನಿಂತಿತು. ಬಗ್ಗಿ ನೋಡಿದರೆ, ಆ ಪುಣ್ಯಾತ್ಮ ಅದರಲ್ಲಿ ಜೋಳದ ಬದಲು ಸೀಮೆಎಣ್ಣೆ ಡಬ್ಬಗಳನ್ನು ಬಚ್ಚಿಟ್ಟಿದ್ದ.

"ನೆಟ್ಟಗೆ ಅಮಲ್ದಾರ್ರ ತಾವ ಹೋಗು," ಎಂದಳು ಭೀಮಕ್ಕ.

ಹೋಗಬೇಕಿತ್ತು. ಆದರೆ ಚಿಕ್ಕಹನುಮಂತಪ್ಪನ ಅಪ್ಪ, ಅಜ್ಜ ಎಲ್ಲ ಕೊಟ್ರಬಸಪ್ಪನ ಮನೆಗೆ ದುಡಿದವರು. ಒಡೆಯನಿಗೆ ಮೊದಲು ಹೇಳದೆ ದೂರು ಒಯ್ಯುವ ಪದ್ಧತಿ ಕೇರಿಯಲ್ಲಿ ಇರಲಿಲ್ಲ. ಉಂಡ ಮನೆಗೆ ಎರಡು ಬಗೆಯಬಾರದಂತೆ! ಉಂಡದ್ದಾದರೂ ಏನು, ಹಳಸಿದ ಮುದ್ದೆ.

ಅಂಗಳದಾಚೆ ನಿಂತು, ಮಣ್ಣಿನಲ್ಲಿ ಗೆರೆ ಎಳೆದು, ಹಗೇವಿನಿಂದ ಬಾವಿಗೆ ಕಲ್ಲಿನೊಳಗೆ ಎಣ್ಣೆ ಬಂದ ದಾರಿ ತೋರಿಸಿದ. "ಬುದ್ಧೀ, ಡಬ್ಬ ಸೋರ್ತೈತೆ. ನಮ್ಮ ಬಾವಿ ಕೆಟ್ಟೋತು."

"ನನಗೇ ಬಂದು ಹೇಳಿದ್ದು ಚಲೋ ಆತು. ನೀ ಹೋಗು, ನಾ ನೋಡ್ಕೊಂತೀನಿ," ಎಂದ ಕೊಟ್ರಬಸಪ್ಪ.

ನೋಡಿಕೊಂಡ. ತಡೆಯಲಾರದೆ ಭೀಮಕ್ಕನೇ ಅಮಲ್ದಾರರನ್ನು ಕರೆತರುವಷ್ಟರಲ್ಲಿ ಹಗೇವಿನಲ್ಲಿ ಬೂದಿ, ಹೊಸ ಹುಲ್ಲು ಹಾಸಿತ್ತು. ಅಮಲ್ದಾರರಿಗೆ ನೆಗಡಿಯೋ ಏನೋ, ವಾಸನೆಯೂ ಬಡಿಯಲಿಲ್ಲ. ಸುಳ್ಳು ದೂರೆಂದು ಗದರಿ ಹೊರಟುಹೋದರು.

ಡಬ್ಬ ಹೋದರೂ ಎಣ್ಣೆ ಹೋಗಲಿಲ್ಲ. ಕೇರಿಯವರು ಎಷ್ಟು ಸೇದಿ ಚೆಲ್ಲಿದರೂ ಕಲ್ಲು ಕುಡಿದದ್ದನ್ನು ಹನಿಹನಿಯಾಗಿ ಬಿಡುತ್ತಲೇ ಇತ್ತು. ಗಟ್ಟಿ ಬಂಡೆಯಾಗಿದ್ದರೆ ತೊಳೆಯಬಹುದಿತ್ತು. ಆದರೆ ಗಟ್ಟಿ ಬಂಡೆ ನೀರನ್ನೂ ಕೊಡುತ್ತಿರಲಿಲ್ಲ. ಒಂದು ಮಳೆಗಾಲ ಕಳೆದರೂ ವಾಸನೆ ಹೋಗದಿದ್ದಾಗ ಚಿಕ್ಕಹನುಮಂತಪ್ಪ ಆ ಬಾವಿಯ ಆಸೆ ಬಿಟ್ಟು ಹಗ್ಗ ಬಿಚ್ಚಿದ.

ಹಗೇವಿಗಿಂತ ಎತ್ತರದ ನೆಲದಲ್ಲಿದ್ದ ಕೊಟ್ರಬಸಪ್ಪನ ಬಾವಿಗೆ ಏನೂ ಆಗಿರಲಿಲ್ಲ. "ಪಾಪ, ಕೇರಿಯವರಿಗೂ ಎರಡು ಕೊಡ ಹಾಕ್ರೋ," ಎಂದು ಅವನು ಆಳುಗಳಿಗೆ ಹೇಳಿದ. ಊರು ಅವನನ್ನು ಧರ್ಮಾತ್ಮನೆಂದಿತು. ಅಷ್ಟು ಜನಕ್ಕೆ ನೀರು ಸಾಲದಾದಾಗ, ಬಾವಿಯನ್ನು ಇನ್ನಷ್ಟು ಆಳ ಮಾಡಲು ಚಿಕ್ಕಹನುಮಂತಪ್ಪನನ್ನೇ ಕರೆಸಿದರು. ಅವನು ಇಳಿದು ತೋಡಿದ. ನೀರು ಚಿಮ್ಮಿತು. ಅವನನ್ನು ಮೇಲೆ ಹತ್ತಿಸಿ, ಅವನು ಮುಟ್ಟಿದ ಬಾವಿಗೆ ಗಂಜಳ ಹಾಕಿಸಿ ಶುದ್ಧಿ ಮಾಡಿಸಿದರು. ಅದು ಮುಗಿಯುವವರೆಗೆ ಭೀಮಕ್ಕ ಖಾಲಿ ಕೊಡ ಹಿಡಿದು ದೂರದಲ್ಲಿ ಬಿಸಿಲಿಗೆ ನಿಂತಿದ್ದಳು.