ಕದ್ದರೇ ಚಿಗುರುವ ದಾಸವಾಳ

ನದಿದಂಡೆಯ ನಮ್ಮ ತ್ಲಾಕೊತಾಲ್ಪನ್ ಊರಿನಲ್ಲಿ ದಾಸವಾಳದ ಕಡ್ಡಿಯನ್ನು ಕೇಳಿ ತಂದು ನೆಟ್ಟರೆ ಬೇರು ಬಿಡುವುದಿಲ್ಲ, ಕದ್ದೇ ತರಬೇಕು. ನಂಬದವರು ನೆಟ್ಟು ನೋಡಲಿ. ನಮ್ಮ ಬೀದಿಯ ಎರ್ಮೆಲಿಂದಾಳ ಕೇಸರಿ ದಾಸವಾಳ ಹೀಗೆಯೇ ಬೀದಿಯೆಲ್ಲ ಹಬ್ಬಿತು. ಯಾರೇ ಬಂದರೂ, "ಕೂತಿರಿ, ಕಾಫಿ ಕಾಯಿಸ್ತೀನಿ" ಎಂದು, ಬಂದವರು ಕಡ್ಡಿ ಕದಿಯಲೆಂದೇ ಅವಳು ಒಳಗೆ ಹೋಗುತ್ತಿದ್ದಳು. ಜಗಳವಾಡಿ ಮಾತು ಬಿಟ್ಟಿದ್ದ ನೆರೆಮನೆಯ ಒತೀಲಿಯಾ ಮಾತ್ರ ನಿಜವಾಗಿಯೂ ಕದ್ದಳು. "ಕಳ್ಳಿ!" ಎಂದು ಎರ್ಮೆಲಿಂದಾ ಅವಳನ್ನು ವರ್ಷಗಟ್ಟಲೆ ಬೈದಳು.

ಕಳೆದ ಮಳೆಗಾಲ ನದಿ ಉಕ್ಕಿ ಎರ್ಮೆಲಿಂದಾಳ ಗಿಡ ಕೊಳೆಯಿತು. ಬೀದಿಯಲ್ಲಿ ಉಳಿದದ್ದು ಒತೀಲಿಯಾಳ ಎತ್ತರದ ಕಟ್ಟೆಯ ಮೇಲಿದ್ದ ಗಿಡವೊಂದೇ. ಎರ್ಮೆಲಿಂದಾ ಲಂಗದ ಜೇಬಿನಲ್ಲಿ ಕತ್ತರಿ ಅಡಗಿಸಿಕೊಂಡು ಒತೀಲಿಯಾಳ ಮನೆಗೆ ಹೋಗಿ ಬಾಗಿಲು ತಟ್ಟಿದಳು.

ಒತೀಲಿಯಾ ಬಾಗಿಲು ತೆರೆದು ಅವಳ ಉಬ್ಬಿದ ಜೇಬನ್ನೊಮ್ಮೆ ನೋಡಿದಳು.

"ಬಾರೇ ಕಳ್ಳಿ, ಕೂತ್ಕೋ. ಕಾಫಿ ಕಾಯಿಸ್ತೀನಿ."